ಮೋಡ ಬರೆಸಿದ ಅರಮನೆ: ಬೀಕಾನೇರಿನ ಜುನಾಗಢವನ್ನು ಪುರಸೊತ್ತಾಗಿ ನೋಡುವ ಬಗೆ

ಬೀಕಾನೇರ್ ಎಂದ ಕೂಡಲೇ ನಮಗೆ ನೆನಪಾಗುವುದು ಭುಜಿಯಾ. ರಾಜಸ್ಥಾನಕ್ಕೆ ಹೊರಟವರ ಪಟ್ಟಿಯಲ್ಲಿ ಜೈಪುರ, ಉದಯಪುರ, ಜೋಧಪುರ, ಜೈಸಲ್ಮೇರ್ ಇದ್ದೇ ಇರುತ್ತವೆ. ಬೀಕಾನೇರ್ ಇದ್ದರೂ "ಅಲ್ಲೊಂದು ಇಲಿ ದೇವಸ್ಥಾನ ಇದೆಯಂತೆ, ದಾರಿಯಲ್ಲಿ ನಿಂತು ಹೋಗೋಣ" ಎಂಬ ಲೆಕ್ಕದಲ್ಲಿ. ಮೊದಲ ಸಲ ನಾನೂ ಹಾಗೇ ಹೋದವನು. ಮಧ್ಯಾಹ್ನ ಮೂರೂವರೆಗೆ ಕೋಟೆ ಬಾಗಿಲಿಗೆ ಹೋಗಿ, ಓಡೋಡಿ ನೋಡಿ ಹೊರಬಿದ್ದಾಗ ತಲೆಯಲ್ಲಿ ಉಳಿದದ್ದು ಕೆಂಪು, ಬಂಗಾರ, ಕನ್ನಡಿಗಳ ಒಂದು ಕಲಸುಮೇಲೋಗರ. ಎರಡನೆಯ ಸಲ ಇಡೀ ದಿನ ಅದಕ್ಕೇ ಎತ್ತಿಟ್ಟುಕೊಂಡು ಹೋದೆ. ಕೆಳಗಿರುವುದೆಲ್ಲ ಆ ಎರಡನೆಯ ಸಲದ ಬುತ್ತಿ.

ಮೊದಲು ಹೆಸರಿನ ಗೊಂದಲ ಮುಗಿಸಿಬಿಡೋಣ. ಗುಜರಾತಿನ ಗಿರ್ನಾರ್ ಬೆಟ್ಟದ ಬುಡದಲ್ಲಿ ಜುನಾಗಢ ಎಂಬ ಊರೇ ಇದೆ. ಇದು ಅದಲ್ಲ. ಫೋನಿನ ನಕ್ಷೆಯಲ್ಲಿ ಹುಡುಕುವಾಗ "ಬೀಕಾನೇರ್" ಎಂದು ಸೇರಿಸದಿದ್ದರೆ ನೂರಾರು ಕಿಲೋಮೀಟರ್ ಆಚೆಯ ದಾರಿ ತೋರಿಸೀತು. ಜುನಾಗಢ ಎಂದರೆ ಹಳೇ ಕೋಟೆ. ಕಟ್ಟಿದಾಗ ಇದರ ಹೆಸರು ಚಿಂತಾಮಣಿ. 1902ರಲ್ಲಿ ರಾಜಮನೆತನ ಊರ ಹೊರಗಿನ ಹೊಸ ಲಾಲ್‌ಗಢ ಅರಮನೆಗೆ ಬಿಡಾರ ಬದಲಿಸಿದ ಮೇಲೆ ಇದು "ಹಳೇದು" ಆಯಿತು. ತಮಾಷೆಯೆಂದರೆ ಇದಕ್ಕಿಂತ ಒಂದು ಶತಮಾನ ಹಳೆಯ ಕೋಟೆ ಊರಲ್ಲೇ ಇದೆ. 1488ರಲ್ಲಿ ಊರು ಕಟ್ಟಿದ ರಾವ್ ಬೀಕಾನ ಆ ಪುಟ್ಟ ಕೋಟೆಯ ಅವಶೇಷ ಲಕ್ಷ್ಮೀನಾಥ ಗುಡಿಯ ಹತ್ತಿರ ಉಳಿದಿದೆ. ಆದರೂ ಹಳೇ ಕೋಟೆ ಎಂಬ ಹೆಸರು ಇದಕ್ಕೇ ಅಂಟಿಕೊಂಡಿತು.

ಯಾವಾಗ ಹೋಗಬೇಕು, ಹೇಗೆ ಹೋಗಬೇಕು

ನವೆಂಬರಿನಿಂದ ಫೆಬ್ರವರಿ. ಅಕ್ಟೋಬರ್ ಮತ್ತು ಮಾರ್ಚ್ ನಡೆಯುತ್ತದೆ, ಬಿಸಿಲು ತಡೆಯುವವರಿಗೆ. ಏಪ್ರಿಲ್ ದಾಟಿದ ಮೇಲೆ ಬೇಡ. ಮೇ, ಜೂನ್ ತಿಂಗಳಲ್ಲಿ 45 ಡಿಗ್ರಿ ದಾಟುವುದು ಅಲ್ಲಿ ಸುದ್ದಿಯೇ ಅಲ್ಲ, ಜತೆಗೆ ಆಂಧಿ ಎಂಬ ಧೂಳಿನ ಬಿರುಗಾಳಿ. ಇದರ ತದ್ವಿರುದ್ಧ ತಪ್ಪನ್ನು ನಮ್ಮವರು ಜನವರಿಯಲ್ಲಿ ಮಾಡುತ್ತಾರೆ. "ಮರುಭೂಮಿ ತಾನೇ" ಎಂದು ಒಂದು ತೆಳು ಸ್ವೆಟರ್ ಹಾಕಿಕೊಂಡು ಹೋಗಿ ರಾತ್ರಿ ಹಲ್ಲು ಕಡಿಯುತ್ತಾರೆ. ಮರಳು ಕಾದಷ್ಟೇ ಬೇಗ ಆರುತ್ತದೆ. ಜನವರಿ ರಾತ್ರಿಗಳಲ್ಲಿ ಉಷ್ಣಾಂಶ ಒಂದಂಕಿಗೆ ಇಳಿಯುತ್ತದೆ. ಕಿವಿ ಮುಚ್ಚುವ ಟೋಪಿ, ದಪ್ಪ ಶಾಲು ಇರಲಿ.

ಕರ್ನಾಟಕದಿಂದ ನೇರ ರೈಲೇ ಇದೆ: ಯಶವಂತಪುರ–ಬೀಕಾನೇರ್ ಎಕ್ಸ್‌ಪ್ರೆಸ್. ಹುಬ್ಬಳ್ಳಿ, ಬೆಳಗಾವಿ, ಪುಣೆ, ಅಹಮದಾಬಾದ್, ಜೋಧಪುರ ಮುಟ್ಟಿಕೊಂಡು ಹೋಗುತ್ತದೆ. ದಿನಾ ಇರುವ ಗಾಡಿಯಲ್ಲ, ಹೊರಡುವ ದಿನಗಳನ್ನು ನೋಡಿಕೊಂಡು ಮೊದಲೇ ಕಾದಿರಿಸಿ. ಹೆಚ್ಚುಕಡಿಮೆ ಎರಡು ದಿನದ ಪಯಣ, ವಯಸ್ಸಾದವರಿದ್ದರೆ ನಾನು ಹೇಳುವುದಿಲ್ಲ. ವಿಮಾನದಲ್ಲಿ ಜೋಧಪುರಕ್ಕೋ ಜೈಪುರಕ್ಕೋ ಹೋಗಿ ಅಲ್ಲಿಂದ ರೈಲು ಅಥವಾ ಬಸ್ಸು ಹಿಡಿಯುವುದು ಹೆಚ್ಚು ಆರಾಮ. ಜೋಧಪುರದಿಂದ ಸುಮಾರು 250 ಕಿ.ಮೀ., ಜೈಪುರ ಅಥವಾ ಜೈಸಲ್ಮೇರಿನಿಂದ ಸುಮಾರು 330 ಕಿ.ಮೀ. ಬೀಕಾನೇರಿನ ಹತ್ತಿರ ನಾಲ್ ಎಂಬಲ್ಲಿ ವಾಯುಪಡೆಯ ನೆಲೆಗೆ ಅಂಟಿಕೊಂಡ ನಿಲ್ದಾಣವೂ ಇದೆ. ವಿಮಾನಗಳು ಕಡಿಮೆ, ಅದನ್ನು ನಂಬಿ ಪ್ರವಾಸ ಹೊಸೆಯಬೇಡಿ.

ಊರಲ್ಲಿ ರೈಲು ನಿಲ್ದಾಣ ಎರಡು: ಬೀಕಾನೇರ್ ಜಂಕ್ಷನ್ ಮತ್ತು ಲಾಲ್‌ಗಢ ಜಂಕ್ಷನ್. ಟಿಕೆಟ್ಟಿನಲ್ಲಿ ಯಾವುದಿದೆ ಎಂದು ನೋಡಿಕೊಳ್ಳಿ, ನಿದ್ದೆಗಣ್ಣಿನಲ್ಲಿ ತಪ್ಪು ಕಡೆ ಇಳಿದುಬಿಡುತ್ತೀರಿ. ಬೀಕಾನೇರ್ ಜಂಕ್ಷನ್ನಿನಿಂದ ಕೋಟೆಗೆ ಆಟೋದಲ್ಲಿ ಹತ್ತು ನಿಮಿಷ. ಆದರೆ ಈ ಊರಿನ ಪೇಟೆಯ ನಟ್ಟನಡುವೆ ರೈಲು ಹಳಿ ಹಾದುಹೋಗುತ್ತದೆ. ಕೋಟ್ ಗೇಟ್ ಎಂಬ ಹಳೆಯ ಊರುಬಾಗಿಲಿನ ಹತ್ತಿರದ ರೈಲ್ವೆ ಗೇಟು ಬಿತ್ತೋ, ಸ್ಕೂಟರು, ಒಂಟೆಗಾಡಿ, ಹಸು, ಮದುವೆ ದಿಬ್ಬಣ ಎಲ್ಲ ಒಂದೇ ಗಂಟಾಗಿ ನಿಲ್ಲುತ್ತವೆ. ಆಟೋದವನು ಎಂಜಿನ್ ಆರಿಸಿ, ಹಿಂದಕ್ಕೆ ತಿರುಗಿ, ಯಾವ ಊರು, ಏನು ಕೆಲಸ, ಮಕ್ಕಳೆಷ್ಟು ಎಂದು ವಿಚಾರಿಸುತ್ತಾನೆ. ಬೇಸರ ಮಾಡಿಕೊಳ್ಳಬೇಡಿ. "ಬೆಂಗಳೂರು" ಎಂದರೆ ಅವನ ದಾಯಾದಿಯೋ ಭಾಮೈದನೋ ಅಲ್ಲಿ ಅಂಗಡಿ ಇಟ್ಟಿರುವ ಸಾಧ್ಯತೆ ಬಲವಾಗಿದೆ.

ಟಿಕೆಟ್ಟು, ಕಾಲಿಗೆ ಬೂಟು

ಕೋಟೆ ಬೆಳಗ್ಗೆ 10ರ ಸುಮಾರಿಗೆ ತೆರೆಯುತ್ತದೆ, ಸಂಜೆ ನಾಲ್ಕೂವರೆಯ ಹೊತ್ತಿಗೆ ಮುಗಿಯಿತು. ಬಾಗಿಲು ತೆಗೆಯುವಾಗಲೇ ಅಲ್ಲಿರಿ. ಬಸ್ಸುಗಟ್ಟಲೆ ಪ್ರವಾಸಿಗರು ಬರುವುದು ಹನ್ನೊಂದರ ಮೇಲೆ.

ಇದನ್ನು ನೋಡಿಕೊಳ್ಳುವುದು ಪುರಾತತ್ವ ಇಲಾಖೆಯಲ್ಲ, ರಾಜಮನೆತನ ಸ್ಥಾಪಿಸಿದ ಮಹಾರಾಜಾ ರಾಯ್ ಸಿಂಗ್‌ಜೀ ಟ್ರಸ್ಟ್. ಹಾಗಾಗಿ ಹಂಪಿಯಲ್ಲೋ ಬಾದಾಮಿಯಲ್ಲೋ ನಡೆಯುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ದರ ಬೇರೆ, ನಿಯಮ ಬೇರೆ. ವಿದ್ಯಾರ್ಥಿಗಳಿದ್ದರೆ ಕಾಲೇಜಿನ ಗುರುತು ಚೀಟಿ ಇರಲಿ. ಆವರಣದಲ್ಲೇ ಇರುವ ಪ್ರಾಚೀನಾ ಮ್ಯೂಸಿಯಮ್ಮಿಗೆ ಬೇರೆ ಟಿಕೆಟ್ಟು. ಕೈಯಲ್ಲಿ ಚಿಲ್ಲರೆ ನೋಟು ಇಟ್ಟುಕೊಳ್ಳಿ.

ಗೈಡು ಬೇಕೇ? ನನ್ನ ಸಲಹೆ: ಬೇಕು, ಆದರೆ ಅವರ ಓಟಕ್ಕೆ ಓಡಬೇಡಿ. ಗುಂಪಿನ ಜತೆ ಒಂದು ಸುತ್ತು ಕಥೆ ಕೇಳಿಸಿಕೊಂಡು, ಇಷ್ಟವಾದ ಕೋಣೆಯಲ್ಲಿ ಹಿಂದೆ ಉಳಿದುಬಿಡಿ. ಗುಂಪು ಮುಂದೆ ಹೋಗಿ ಇನ್ನೊಂದು ಗುಂಪು ಬರುವ ಮಧ್ಯೆ ಐದಾರು ನಿಮಿಷ ಕೋಣೆ ಪೂರ್ತಿ ನಿಮ್ಮದು. ಈ ಅರಮನೆಯ ಗುಟ್ಟು ಇರುವುದೇ ಆ ಐದಾರು ನಿಮಿಷದಲ್ಲಿ. ಹಿಂದಿ ಅಷ್ಟಾಗಿ ಬಾರದವರು ಧ್ವನಿ ಮಾರ್ಗದರ್ಶಿ ಯಂತ್ರವನ್ನು ಟಿಕೆಟ್ ಕಿಟಕಿಯಲ್ಲಿ ವಿಚಾರಿಸಿ.

ಒಳಗೆ ಮೆಟ್ಟಿಲುಗಳು ಕಡಿದು, ಓಣಿಗಳು ಇಕ್ಕಟ್ಟು, ಬಾಗಿಲುಗಳು ತಗ್ಗು. ನುಗ್ಗಿ ಬರುವ ಶತ್ರು ತಲೆ ಬಗ್ಗಿಸಿಯೇ ಒಳಬರಲಿ ಎಂದು ಕಟ್ಟಿದ್ದು ಎನ್ನುತ್ತಾರೆ. ನಾಲ್ಕು ಶತಮಾನದ ಮೇಲೂ ಅದು ಕೆಲಸ ಮಾಡುತ್ತದೆ ಎಂಬುದಕ್ಕೆ ನನ್ನ ಹಣೆಯೇ ಸಾಕ್ಷಿ. ಮಂಡಿನೋವಿನವರು ಕೆಳ ಅಂಗಳಗಳು ಮತ್ತು ದರ್ಬಾರ್ ಹಾಲ್ ನೋಡಿಕೊಂಡು ಕೂರಬಹುದು. ಗಾಲಿಕುರ್ಚಿಗೆ ಮೇಲಂತಸ್ತಿನ ದಾರಿ ಹೇಳಿಸಿದ್ದಲ್ಲ.

ಬಾಗಿಲುಗಳ ಮುಂದೆ ನಿಲ್ಲಿ

ಒಳಗೆ ಹೋಗುವ ಮುಂಚೆ ರಸ್ತೆಯ ಆಚೆ ನಿಂತು ಒಮ್ಮೆ ಇಡೀ ಕೋಟೆ ನೋಡಿ. ರಾಜಸ್ಥಾನದ ಹೆಸರಾಂತ ಕೋಟೆಗಳಲ್ಲಿ ಹೆಚ್ಚಿನವು ಗುಡ್ಡದ ಮೇಲಿವೆ. ಇದೋ ಸಪಾಟು ನೆಲದಲ್ಲಿ, ಪೇಟೆಯ ಪಕ್ಕ ಕೂತಿದೆ. ಇಲ್ಲಿ ಗುಡ್ಡವೇ ಇಲ್ಲ, ಏನು ಮಾಡುವುದು? ಬೆಟ್ಟ ಮಾಡಬೇಕಾದ ಕೆಲಸವನ್ನೆಲ್ಲ ಗೋಡೆ ಮತ್ತು ಕಂದಕಕ್ಕೆ ಒಪ್ಪಿಸಿದರು. ಗೋಡೆಯ ಎತ್ತರ ಸುಮಾರು 40 ಅಡಿ, ದಪ್ಪ 14 ಅಡಿಗೂ ಮೇಲೆ, ಕೊತ್ತಲಗಳು 37. ಕಟ್ಟಿದ್ದು 1589ರಿಂದ 1594ರವರೆಗೆ, ಅಕ್ಬರನ ಸೇನಾನಿಯಾಗಿದ್ದ ರಾಜಾ ರಾಯ್ ಸಿಂಗ್ ಕಾಲದಲ್ಲಿ, ಅವನ ಮಂತ್ರಿ ಕರಮ್‌ಚಂದನ ಉಸ್ತುವಾರಿಯಲ್ಲಿ. ಮರಳುಗಾಡಿನ ರಾಜನಿಗೆ ಇಷ್ಟು ದುಡ್ಡು ಎಲ್ಲಿಂದ ಬಂತು ಎಂದರೆ, ಮೊಗಲರ ಚಾಕರಿಗೆ ಪ್ರತಿಯಾಗಿ ದೂರದ ಫಲವತ್ತಾದ ನಾಡುಗಳಲ್ಲಿ ಸಿಕ್ಕ ಜಾಗೀರುಗಳಿಂದ.

ಒಳದಾರಿಯಲ್ಲಿ ದೌಲತ್ ಪೋಲ್ ಸಿಗುತ್ತದೆ. ಪೋಲ್ ಎಂದರೆ ಹೆಬ್ಬಾಗಿಲು. ಇದರ ಪಕ್ಕದ ಗೋಡೆಯಲ್ಲಿ ಸಾಲಾಗಿ ಪುಟ್ಟ ಪುಟ್ಟ ಅಂಗೈ ಗುರುತುಗಳಿವೆ, ಕೆಂಪು ಬಳಿದಿರುತ್ತದೆ. ಗಂಡಂದಿರ ಚಿತೆಯೇರಿದ ರಾಣಿವಾಸದ ಹೆಣ್ಣುಮಕ್ಕಳವು. ನಮ್ಮ ಕಡೆ ಊರ ಹೊರಗೆ, ಕೆರೆ ಏರಿಯ ಬದಿಯಲ್ಲಿ ನಿಂತ ಮಾಸ್ತಿಕಲ್ಲು ಕಂಡವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಕಂಬದಿಂದ ಚಾಚಿ ಮೊಣಕೈ ಮಡಚಿ ಮೇಲೆತ್ತಿದ ತೋಳು, ಅದರ ತುಂಬ ಬಳೆ. ಇಲ್ಲಿ ಬರೀ ಅಂಗೈ. ಕೆಲವು ಎಷ್ಟು ಚಿಕ್ಕವೆಂದರೆ ನಿಮ್ಮ ಜತೆಗಿರುವ ಹೈಸ್ಕೂಲು ಹುಡುಗಿಯ ಕೈಯಷ್ಟೇ. ಅದರ ಮೇಲೆ ಕೈಯಿಟ್ಟು ಸೆಲ್ಫಿ ತೆಗೆಯುವವರು ಇದ್ದಾರೆ. ನೀವು ತೆಗೆಯಬೇಡಿ.

ಮುಂದಿನದು ಸೂರಜ್ ಪೋಲ್. ಮಿಕ್ಕ ಕೋಟೆ ಕೆಂಗಲ್ಲು, ಇದೊಂದು ಮಾತ್ರ ಹಳದಿ ಕಲ್ಲು. ಮುಖ ಪೂರ್ವಕ್ಕೆ, ಬೆಳಗಿನ ಬಿಸಿಲು ನೇರ ಬಾಗಿಲ ಮೇಲೆ ಬೀಳುವುದು ಶುಭ ಎಂಬ ನಂಬಿಕೆ. ಎರಡು ಬದಿಗೆ ಮಾವುತರ ಸಮೇತ ಕಲ್ಲಾನೆಗಳು. ಬಾಗಿಲ ಹಲಗೆಯಲ್ಲಿ ಆನೆಯ ಹಣೆಗೆ ತಾಗುವ ಎತ್ತರದಲ್ಲಿ ಕಬ್ಬಿಣದ ಮುಳ್ಳುಗಳಿವೆ.

ಅನೂಪ್ ಮಹಲ್: ಇಲ್ಲಿ ಅರ್ಧ ಗಂಟೆ

ಒಳಗೆ ಹೋದ ಮೇಲೆ ಅಂಗಳದಿಂದ ಅಂಗಳಕ್ಕೆ, ಓಣಿಯಿಂದ ಮೆಟ್ಟಿಲಿಗೆ ದಾರಿ ಸುರುಳಿ ಸುತ್ತುತ್ತದೆ. ಸುಮಾರು ಮುನ್ನೂರು ವರ್ಷ ಒಬ್ಬೊಬ್ಬ ರಾಜನೂ ತನ್ನದೊಂದು ಮಹಲು ಸೇರಿಸುತ್ತಾ ಹೋದದ್ದರಿಂದ ಇದಕ್ಕೆ ಒಂದು ನಕ್ಷೆ ಎಂಬುದಿಲ್ಲ. ಕರಣ್ ಮಹಲ್, ಫೂಲ್ ಮಹಲ್, ಚಂದ್ರ ಮಹಲ್, ಗಜ್ ಮಂದಿರ್, ಛತ್ತರ್ ಮಹಲ್: ಹೆಸರುಗಳನ್ನು ನೆನಪಿಟ್ಟುಕೊಳ್ಳುವ ಗೋಜಿಗೆ ಹೋಗಬೇಡಿ. ಎರಡು ಕೋಣೆಗಳನ್ನು ಮಾತ್ರ ಕಣ್ಣು ತುಂಬ ನೋಡಿದರೆ ಬಂದದ್ದು ಸಾರ್ಥಕ.

ಮೊದಲನೆಯದು ಅನೂಪ್ ಮಹಲ್. ಮಹಾರಾಜಾ ಅನೂಪ್ ಸಿಂಗನ ಹೆಸರಿನದು, ಇವತ್ತು ಕಣ್ಣಿಗೆ ಬೀಳುವ ವೈಭವದ ಬಹುಪಾಲು ಆಮೇಲಿನ ಸೂರತ್ ಸಿಂಗ್ (1787–1828) ಕಾಲದ್ದು. ಗೋಡೆ, ಕಮಾನು, ಕಂಬ, ಚಾವಣಿ ಎಲ್ಲವೂ ಅರಗಿನ ಕೆಂಪು, ಅದರ ಮೇಲೆ ಬಂಗಾರದ ಬಳ್ಳಿ. ಬರಿಗಣ್ಣಿಗೆ ಬಣ್ಣದ ಚಿತ್ತಾರದಂತೆ ಕಾಣುತ್ತದೆ. ಗೋಡೆಯ ಬದಿಗೆ ಸರಿದು ಬೆಳಕಿಗೆ ಓರೆಯಾಗಿ ನೋಡಿ: ಪ್ರತಿ ಎಲೆ, ಪ್ರತಿ ಮೊಗ್ಗು ಗೋಡೆಯಿಂದ ಒಂದಿಷ್ಟು ಉಬ್ಬಿ ನಿಂತಿದೆ. ಇದು ಉಸ್ತಾ ಮನೆತನದವರ ಕೈಚಳಕ. ಮೊದಲು ಒಂದು ಬಗೆಯ ಹಿಟ್ಟನ್ನು ಕುಂಚದಲ್ಲಿ ಪದರ ಪದರವಾಗಿ ಏರಿಸಿ ಉಬ್ಬು ಎಬ್ಬಿಸುತ್ತಾರೆ, ಆಮೇಲೆ ಅದರ ಮೇಲೆ ಬಂಗಾರದ ರೇಕು. ಮೈಸೂರು ಶೈಲಿಯ ಚಿತ್ರಗಳಲ್ಲಿ ಮಕ್ಕು ಸಫೇದ ಎಂಬ ಬಿಳಿ ಹಿಟ್ಟು ಏರಿಸಿ ರೇಕು ಅಂಟಿಸುವುದನ್ನು ನೋಡಿದ್ದರೆ ತಟ್ಟನೆ ಗುರುತು ಹತ್ತುತ್ತದೆ. ಕೆಲಸದ ಬಗೆ ಹತ್ತಿರದ್ದೇ. ಇಲ್ಲಿ ಅದನ್ನು ಹಲಗೆಯ ಬದಲು ಇಡೀ ಕೋಣೆಗೆ ಮಾಡಿಟ್ಟಿದ್ದಾರೆ. ಉಸ್ತಾ ಮನೆತನಗಳು ಈಗಲೂ ಊರಲ್ಲಿವೆ. ಒಂಟೆಯ ತೊಗಲಿನ ಮೇಲೆ ಅವರು ಮಾಡುವ ಇದೇ ಕೆಲಸಕ್ಕೆ ಹಿಸಾಮುದ್ದೀನ್ ಉಸ್ತಾ ಅವರಿಗೆ 1986ರಲ್ಲಿ ಪದ್ಮಶ್ರೀ ಬಂತು.

ಈ ಅನೂಪ್ ಸಿಂಗನಿಗೂ ನಮಗೂ ಒಂದು ನಂಟಿದೆ. ಅವನು ಆಳಿದ್ದು 1669ರಿಂದ 1698ರವರೆಗೆ. ಆಯುಷ್ಯದ ಹೆಚ್ಚು ಪಾಲು ಕಳೆದದ್ದು ಊರಿನಲ್ಲಲ್ಲ, ಔರಂಗಜೇಬನ ಸೈನ್ಯದ ಜತೆ ದಖ್ಖನಿನಲ್ಲಿ. ತೀರಿಹೋದದ್ದೂ ನಮ್ಮ ಬಳ್ಳಾರಿಯ ಪಕ್ಕದ ಆದೋನಿಯಲ್ಲಿ. ಅವನಿಗೆ ಪುಸ್ತಕದ ಹುಚ್ಚು. ದಂಡು ಹೋದ ಕಡೆಯಲ್ಲೆಲ್ಲ ಸಂಸ್ಕೃತ ಹಸ್ತಪ್ರತಿಗಳನ್ನು ಕಲೆಹಾಕಿ ಬೀಕಾನೇರಿಗೆ ಕಳಿಸಿದ. ಸಂಗೀತ ಶಾಸ್ತ್ರ ಬರೆದ ಭಾವಭಟ್ಟನಂಥವರು ಅವನ ಆಸ್ಥಾನದಲ್ಲಿದ್ದರು. ಆ ಹಸ್ತಪ್ರತಿಗಳ ಭಂಡಾರ ಅನೂಪ್ ಸಂಸ್ಕೃತ ಗ್ರಂಥಾಲಯವಾಗಿ ಲಾಲ್‌ಗಢದಲ್ಲಿದೆ. ಆದೋನಿ ಕೋಟೆ ಮೊಗಲರ ವಶವಾದಾಗ ಅಲ್ಲಿ ಬಿಜಾಪುರದ ಸರದಾರ ಸಿದ್ದಿ ಮಸೂದನ ಸಂಗ್ರಹದಲ್ಲಿದ್ದ ಆದಿಲ್‌ಶಾಹಿ ಚಿತ್ರಗಳೂ ಬೀಕಾನೇರಿಗೆ ಬಂದವು. ಬೀಕಾನೇರ್ ಶೈಲಿಯ ಚಿಕಣಿ ಚಿತ್ರಗಳಲ್ಲಿ ಆಗೀಗ ಒಂದು ದಖ್ಖನಿ ಬಣ್ಣ, ದಖ್ಖನಿ ಮೈಕಟ್ಟು ಇಣುಕುವುದು ಈ ಒಡನಾಟದಿಂದ. ನಮ್ಮ ವಿಜಯಪುರದ ಚಿತ್ರಗಳು ಮರಳುಗಾಡಿನ ಒಣಹವೆಯಲ್ಲಿ ಕೆಡದೆ ಉಳಿದವು ಎಂಬುದು ನನಗೆ ಅಲ್ಲಿ ನಿಂತಾಗ ಹೊಟ್ಟೆಕಿಚ್ಚು ಮತ್ತು ಸಮಾಧಾನ ಎರಡನ್ನೂ ತಂದಿತು. ಕೋಟೆಯೊಳಗೆ ಮುವ್ವತ್ಮೂರು ಕೋಟಿ ದೇವತೆಗಳ ಗುಡಿ ಎಂದು ಕರೆಯುವ ಒಂದು ತಾಣವಿದೆ. ಅಲ್ಲಿರುವ ಲೋಹದ ವಿಗ್ರಹಗಳನ್ನೂ ಅನೂಪ್ ಸಿಂಗ್ ದಖ್ಖನಿನಿಂದ ತಂದದ್ದೆಂದು ಹೇಳುತ್ತಾರೆ. ಗೈಡನ್ನು ಕೇಳಿ ನೋಡಿ. "ನಾವು ಆ ಕಡೆಯವರೇ" ಎಂದರೆ ಅವರ ಉತ್ಸಾಹವೇ ಬೇರೆಯಾಗುತ್ತದೆ.

ಬಾದಲ್ ಮಹಲ್

ಎರಡನೆಯ ಕೋಣೆ ಇದು. ಮೊದಲ ಸಲ ನಾನು ಇದರ ಮೂಲಕ ಹಾದುಹೋಗಿದ್ದೆ, ನೋಡಿರಲಿಲ್ಲ.

ಬಾದಲ್ ಎಂದರೆ ಮೋಡ. ಡೂಂಗರ್ ಸಿಂಗ್ (ಆಳಿದ್ದು 1872–1887) ಕಟ್ಟಿಸಿದ ಮಹಲು. ಗೋಡೆಯ ಮೇಲಿಂದ ಕೆಳಗಿನವರೆಗೆ ಮೋಡಗಳೇ ಮೋಡಗಳು. ನೇರಳೆಗಿಂತ ಒಂದು ಪಾಲು ತಿಳಿಯಾದ ನೀಲಿ. ಮೋಡದ ಅಂಚುಗಳು ಶಂಖದ ಸುರುಳಿಯಂತೆ ಒಂದರೊಳಗೊಂದು ಮಡಚಿಕೊಂಡಿವೆ. ಅವುಗಳ ನಡುವೆ ಹಾವು ಹರಿದಂತೆ ಮಿಂಚು. ತುಸು ಹತ್ತಿರ ಹೋದರೆ ಕೆಳಗಡೆ ಸಣ್ಣ ಸಣ್ಣ ಗೆರೆಗಳು, ಸಾಲು ಸಾಲಾಗಿ. ಅವು ಮಳೆಹನಿ. ಬರೆದವನು ಪ್ರತಿ ಎಳೆಯನ್ನೂ ಬೇರೆ ಬೇರೆ ಎಳೆದಿದ್ದಾನೆ.

ಅಲ್ಲಿ ಗೈಡುಗಳು ಹೇಳುವ ಕಥೆ: ಈ ಊರಲ್ಲಿ ಮಳೆಯನ್ನೇ ಕಾಣದೆ ಬೆಳೆಯುವ ಕೂಸುಗಳಿದ್ದವು, ಮೋಡ ಗುಡುಗಿದರೆ ಅವು ಬೆಚ್ಚಿಬೀಳದಿರಲಿ ಎಂದು ರಾಜಮನೆಯ ಮಕ್ಕಳನ್ನು ಇಲ್ಲಿ ಕೂರಿಸಿ ಮಳೆ ಎಂದರೆ ಹೀಗಿರುತ್ತದೆ ಎಂದು ತೋರಿಸುತ್ತಿದ್ದರು. ಕಥೆ ನಿಜವೋ ಕಟ್ಟಿದ್ದೋ, ನಂಬಲು ಕಷ್ಟವಿಲ್ಲ. ಈ ಕೋಣೆ ಮುಗಿದು ಒಂದೆರಡು ದಶಕದಲ್ಲೇ, 1899–1900ರಲ್ಲಿ, ಛಪ್ಪನಿಯಾ ಎಂದು ಇವತ್ತಿಗೂ ಮಾರವಾಡದ ಮುದುಕರು ಹೇಳುವ ಘೋರ ಬರ ಬಂತು. ಛಪ್ಪನ್ ಎಂದರೆ ಐವತ್ತಾರು, ವಿಕ್ರಮ ಶಕೆ 1956ರ ಬರವಾದ್ದರಿಂದ ಆ ಹೆಸರು. ಮನೆ ಮನೆಯ ದನಕರು, ಮಂದಿ ಎಲ್ಲ ಸತ್ತ ವರ್ಷ ಅದು.

ಆಗುಂಬೆ, ಹುಲಿಕಲ್ಲಿನ ಕಡೆ ಯಾರೂ ಗೋಡೆಯ ಮೇಲೆ ಮಳೆ ಬರೆಸುವುದಿಲ್ಲ. ಅಲ್ಲಿ ಗೋಡೆಗೆ ಪಾಚಿ ಹಿಡಿಯದಂತೆ ನೋಡಿಕೊಂಡರೆ ಸಾಕಾಗಿರುತ್ತದೆ. ನನ್ನ ಜತೆ ಬಂದಿದ್ದ ಅತ್ತೆ ತೀರ್ಥಹಳ್ಳಿ ಕಡೆಯವರು, ಒಂದು ಗಳಿಗೆ ಆ ಗೆರೆಗಳನ್ನೇ ನೋಡುತ್ತಾ ನಿಂತು, "ಪಾಪ, ನೆಟ್ಟಗೆ ಬಿಡಿಸಿದಾರೆ ನೋಡು, ಗಾಳಿಯೇ ಇಲ್ಲ ಈ ಮಳೆಗೆ" ಎಂದರು. ಮಳೆ ಓರೆಯಾಗಿ ಹೊಡೆಯುತ್ತದೆಂದು ಬಲ್ಲವರು ಮಾತ್ರ ಹೇಳಬಲ್ಲ ಮಾತು. ಅಂದಿನಿಂದ ಆ ಕೋಣೆ ನನಗೆ ಹಾಗೆಯೇ ಕಾಣುತ್ತದೆ.

ಫೋಟೋ ತೆಗೆಯುವುದಾದರೆ ಫ್ಲ್ಯಾಶ್ ಬೇಡ, ಹಳೆಯ ಬಣ್ಣಕ್ಕೆ ಅದು ಒಳ್ಳೆಯದಲ್ಲ. ಗಾಜು ಅಡ್ಡ ಇರುವ ಕಡೆ ಫೋನನ್ನು ಗಾಜಿಗೆ ತಾಗುವಷ್ಟು ಹತ್ತಿರ ಹಿಡಿದರೆ ನಿಮ್ಮ ಮುಖ ಅದರಲ್ಲಿ ಮೂಡುವುದಿಲ್ಲ.

ಮಿಕ್ಕ ಕೋಣೆಗಳನ್ನು ಬೇಗ ಮುಗಿಸಬಹುದು. ಫೂಲ್ ಮಹಲ್ ಎಲ್ಲಕ್ಕಿಂತ ಹಳೆಯ ಭಾಗ, ಕನ್ನಡಿ ಚೂರುಗಳ ಕೆಲಸ. ರಾಜರ ಮಂಚ ಒಂದು ಇದೆ, ನೆಲಕ್ಕೆ ಅಂಟಿದಷ್ಟು ತಗ್ಗು. ರಾತ್ರಿ ಯಾರಾದರೂ ಕೊಲ್ಲಲು ಬಂದರೆ ಏಳುವಾಗಲೇ ಕಾಲು ನೆಲಕ್ಕೆ ತಾಗಿರಬೇಕು ಎಂಬ ವಿವರಣೆ ಕೊಡುತ್ತಾರೆ. ಝರೋಕಾ ಎಂಬ ಚಾಚು ಕಿಟಕಿಗಳ ಕಲ್ಲು ಜಾಲಂಧ್ರಕ್ಕೆ ಒಮ್ಮೆ ಮುಖವೊಡ್ಡಿ ನಿಲ್ಲಿ. ಹೊರಗೆ ಎಂಥ ಬಿಸಿಲಿದ್ದರೂ ಆ ಸಣ್ಣ ತೂತುಗಳಿಂದ ಬರುವ ಗಾಳಿ ತಣ್ಣಗಿರುತ್ತದೆ.

ದರ್ಬಾರ್ ಹಾಲಿನಲ್ಲಿ ವಿಮಾನ

ಮಕ್ಕಳು ಈ ಹೊತ್ತಿಗೆ "ಸಾಕು, ಹೋಗೋಣ" ಎನ್ನಲು ಶುರುಮಾಡಿರುತ್ತಾರೆ. ಅವರಿಗೆಂದೇ ಗಂಗಾ ಸಿಂಗ್ ಕಟ್ಟಿಸಿದ ದರ್ಬಾರ್ ಹಾಲ್ ಇದೆ. ಕೆಂಗಲ್ಲಿನ ಕೆತ್ತನೆಯ ದೊಡ್ಡ ಸಭಾಂಗಣ, ಅದರೊಳಗೆ ಒಂದು ಇಡೀ ವಿಮಾನ! ಮೊದಲ ಮಹಾಯುದ್ಧ ಕಾಲದ ಡಿಎಚ್-9 ಎಂಬ ಜೋಡಿ ರೆಕ್ಕೆಯ ಬಾಂಬರು. ಯುದ್ಧದಲ್ಲಿ ಬ್ರಿಟಿಷರ ಪರ ನಿಂತದ್ದಕ್ಕೆ ಗಂಗಾ ಸಿಂಗನಿಗೆ ಬಂದ ಉಡುಗೊರೆ. ಇಲ್ಲಿರುವುದು ಉಳಿದ ಬಿಡಿಭಾಗಗಳನ್ನು ಜೋಡಿಸಿ ನಿಲ್ಲಿಸಿದ್ದು. ಇದೇ ಬಗೆಯ ಇನ್ನೊಂದು ವಿಮಾನದ ಅಸ್ಥಿಪಂಜರ ಬೀಕಾನೇರಿನ ಹಳೇ ಆನೆ ಲಾಯದಲ್ಲಿ ಬಿದ್ದಿತ್ತು. ಅದನ್ನು ಕೊಂಡೊಯ್ದು ದುರಸ್ತಿ ಮಾಡಿ ಇಂಗ್ಲೆಂಡಿನ ಡಕ್ಸ್‌ಫರ್ಡಿನಲ್ಲಿ ಪ್ರದರ್ಶನಕ್ಕಿಟ್ಟಿದ್ದಾರೆ.

ಈ ಗಂಗಾ ಸಿಂಗ್ ದೊಡ್ಡ ಕುಳ. ಆರೇಳು ವರ್ಷದ ಹುಡುಗನಾಗಿದ್ದಾಗಲೇ, 1887ರಲ್ಲಿ ಅಣ್ಣ ಡೂಂಗರ್ ಸಿಂಗ್ ತೀರಿಕೊಂಡ ಮೇಲೆ, ಪಟ್ಟಕ್ಕೆ ಬಂದು 1943ರವರೆಗೆ ಆಳಿದ. ಗಂಗಾ ರಿಸಾಲಾ ಎಂಬ ಒಂಟೆ ಪಡೆ ಕಟ್ಟಿದ. 1919ರಲ್ಲಿ ವರ್ಸೈಲ್ಸ್ ಒಪ್ಪಂದಕ್ಕೆ ಭಾರತದ ಪರವಾಗಿ ಸಹಿ ಹಾಕಿದವರಲ್ಲಿ ಅವನೂ ಒಬ್ಬ. ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿ ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು. ಕೆಲ ಕಾಲದ ಮೇಲೆ ಅದೇ ಪೀಠಕ್ಕೆ ಗಂಗಾ ಸಿಂಗ್ ಬಂದ. ಛಪ್ಪನಿಯಾ ಬರವನ್ನು ಹತ್ತೊಂಬತ್ತರ ಹರೆಯದಲ್ಲಿ ಕಣ್ಣಾರೆ ಕಂಡವನು ಮುಂದೆ ಸಟ್ಲೆಜ್ ನದಿಯ ನೀರನ್ನು ಕಾಲುವೆಯಲ್ಲಿ ತನ್ನ ಮರಳುಗಾಡಿನ ಉತ್ತರ ಭಾಗಕ್ಕೆ ತಂದ. ಗಂಗ್ ಕಾಲುವೆ 1927ರಲ್ಲಿ ಹರಿಯಿತು, ಶ್ರೀಗಂಗಾನಗರ ಜಿಲ್ಲೆಗೆ ಅವನದೇ ಹೆಸರು. ಅಣ್ಣ ಗೋಡೆಯ ಮೇಲೆ ಮಳೆ ಬರೆಸಿದ, ತಮ್ಮ ಕಾಲುವೆ ತೋಡಿಸಿದ.

ಹಾಲಿನಲ್ಲೇ ಗಂಧದ ಮರದ ಒಂದು ಸಿಂಹಾಸನವಿದೆ. ಕನೌಜಿನಿಂದ ಬಂದ ಪೂರ್ವಜರದ್ದೆಂಬುದು ಇಲ್ಲಿ ಆಳಿದ ರಾಠೋಡ್ ಮನೆತನದ ನಂಬಿಕೆ. ಮೂಗು ಹತ್ತಿರ ತಂದು ವಾಸನೆ ಹಿಡಿಯಲು ಹೋದೆ, ಕಾವಲಿನವನು ಗಂಟಲು ಸರಿಮಾಡಿಕೊಂಡ. ಮೈಸೂರು ಸೀಮೆಯವರ ಚಾಳಿ!

ಹೊರಬರುವಾಗ ಕಾಲಿಗೆ ಬಲವಿದ್ದರೆ ಪ್ರಾಚೀನಾ ಮ್ಯೂಸಿಯಮ್ ನೋಡಿ. 2000ದಲ್ಲಿ ಶುರುವಾದದ್ದು. ರಾಣಿಯರ ಪೋಶಾಕುಗಳು, ಗೋಟಾ–ಜರಿಯ ಕುಸುರಿ. ಸೀರೆಯ ಸೆರಗು ತಿರುವಿ ಹಿಂಬದಿಯ ನೇಯ್ಗೆ ನೋಡುವ ಅಭ್ಯಾಸ ಇರುವವರು ಇಲ್ಲಿ ಒಂದು ಗಂಟೆ ಸುಲಭವಾಗಿ ಕಳೆಯುತ್ತಾರೆ. ಇಲ್ಲದವರು ಮರದ ನೆರಳಲ್ಲಿ ಕೂತು ಚಹಾ ಕುಡಿಯಬಹುದು.

ಊಟ, ಆಮೇಲಿನ ಅರ್ಧ ದಿನ

ಕೋಟೆ ಮುಗಿಯುವಾಗ ಒಂದೂವರೆ, ಎರಡು ಗಂಟೆ. ಅನ್ನ ಸಿಗುತ್ತದೆ, ಆದರೆ ಅನ್ನಕ್ಕಾಗಿ ಅಲೆಯಬೇಡಿ. ಬಾಜ್ರಾ ರೊಟ್ಟಿಯ ಮೇಲೆ ತುಪ್ಪ, ಕೇರ್–ಸಾಂಗ್ರಿ ಪಲ್ಯ ತಿನ್ನಿ. ಸಾಂಗ್ರಿ ಎಂದರೆ ಖೇಜಡಿ ಮರದ ಕಾಯಿ, ನಮ್ಮ ಬನ್ನಿಮರದ ಬಳಗದ್ದೇ. ದಸರೆಯಲ್ಲಿ ನಾವು ಎಲೆ ಹಂಚುತ್ತೇವೆ, ಇವರು ಕಾಯಿ ಒಣಗಿಸಿ ವರ್ಷವಿಡೀ ಉಣ್ಣುತ್ತಾರೆ. ಬಾಜ್ರಾ ರೊಟ್ಟಿ ಎಂದರೆ ನಮ್ಮ ಸಜ್ಜೆ ರೊಟ್ಟಿ, ಉತ್ತರ ಕರ್ನಾಟಕದವರಿಗೆ ಏನೂ ಕಷ್ಟವಿಲ್ಲ.

ಮಧ್ಯಾಹ್ನದ ಮೇಲೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಅರಮನೆಯ ಕಥೆ ಮುಂದುವರಿಸಬೇಕೆಂದರೆ ಲಾಲ್‌ಗಢ. ಸ್ವಿಂಟನ್ ಜೇಕಬ್ ವಿನ್ಯಾಸ ಮಾಡಿದ ಕೆಂಗಲ್ಲಿನ ಅರಮನೆ, ಒಂದು ಪಾಲು ಹೋಟೆಲು, ಒಂದು ಕಡೆ ಸಾದುಲ್ ಮ್ಯೂಸಿಯಮ್. ಐದು ಒಲಿಂಪಿಕ್ಸ್‌ಗಳಲ್ಲಿ ಬಂದೂಕು ಹಿಡಿದ, ದಶಕಗಳ ಕಾಲ ಲೋಕಸಭೆಯಲ್ಲೂ ಇದ್ದ ಮಹಾರಾಜಾ ಕರ್ಣಿ ಸಿಂಗ್ ಈ ಮನೆಯವರೇ. ಮಕ್ಕಳ ಮನಸ್ಸು ಗೆಲ್ಲಬೇಕೆಂದರೆ ಒಂಟೆ ಸಂಶೋಧನಾ ಕೇಂದ್ರ, ಅಲ್ಲಿ ಒಂಟೆ ಹಾಲಿನ ಕುಲ್ಫಿ ಸಿಗುತ್ತದೆ. ರುಚಿ ಒಂದಿಷ್ಟು ಉಪ್ಪುಪ್ಪು. ದೇಶ್‌ನೋಕ್‌ನ ಕರ್ಣಿ ಮಾತೆಯ ಇಲಿ ಗುಡಿ 30 ಕಿ.ಮೀ. ದೂರ, ಅದನ್ನು ಮರುದಿನ ಬೆಳಗ್ಗೆಗೆ ಇಟ್ಟುಕೊಳ್ಳಿ. ಬರಿಗಾಲಲ್ಲಿ ನಡೆಯಬೇಕು, ಒಂದು ಜತೆ ಹಳೇ ಕಾಲುಚೀಲ ಒಯ್ಯಿರಿ, ಹೊರಬಂದ ಮೇಲೆ ಅಲ್ಲೇ ಬಿಸಾಕಿ.

ಸಂಜೆ ಮಾತ್ರ ಹಳೇ ಊರಿಗೆ ಮೀಸಲು. ರಾಂಪುರಿಯಾ ಹವೇಲಿಗಳೆಂಬ ಹಳೇ ದೊಡ್ಡ ಮನೆಗಳ ಓಣಿಯಲ್ಲಿ ನಡೆದು, ಭಾಂಡಾಸರ್ ಜೈನ ಬಸದಿ ಹತ್ತಿ ಇಳಿಯಿರಿ. ಅದರ ಅಡಿಪಾಯಕ್ಕೆ ನೀರಿನ ಬದಲು ಸಾವಿರಾರು ಕಿಲೋ ತುಪ್ಪ ಸುರಿದರೆಂದು, ಬಿಸಿಲಿಗೆ ಈಗಲೂ ನೆಲ ಜಿಡ್ಡು ಜಿಡ್ಡಾಗುತ್ತದೆಂದು ಹೇಳುತ್ತಾರೆ. ನಾನು ಕೈಯಾಡಿಸಿ ನೋಡಿದೆ, ನನಗೆ ಧೂಳು ಸಿಕ್ಕಿತು. ಕತ್ತಲಾಗುತ್ತಿದ್ದಂತೆ ಚೌಕಗಳಲ್ಲಿ ಪಾಟಾ ಎಂಬ ಅಗಲವಾದ ಮರದ ಹಲಗೆಕಟ್ಟೆಗಳ ಮೇಲೆ ಗಂಡಸರು ಬಂದು ಕೂರುತ್ತಾರೆ. ಇಸ್ಪೀಟು, ರಾಜಕೀಯ, ಯಾರ ಮನೆಯ ಮದುವೆ ಮುರಿಯಿತು ಎಂಬ ಸುದ್ದಿ, ಎಲ್ಲಕ್ಕೂ ಅದೇ ಜಾಗ. ನಮ್ಮ ಅರಳಿಕಟ್ಟೆ, ಅರಳಿ ಮರವೊಂದಿಲ್ಲ ಅಷ್ಟೇ. ನೀವೂ ಅಂಚಿನಲ್ಲಿ ಕೂರಬಹುದು, "ಖಮ್ಮಾ ಘಣಿ" ಎಂದು ಕೈಮುಗಿದರೆ ಜಾಗ ಸರಿಸಿ ಕೊಡುತ್ತಾರೆ.

ಭುಜಿಯಾವನ್ನು ಅಲ್ಲೇ, ಹಳೇ ಊರಿನ ಅಂಗಡಿಗಳಲ್ಲಿ ಕೊಳ್ಳಿ. ಅಸಲಿ ಬೀಕಾನೇರಿ ಭುಜಿಯಾಕ್ಕೆ ಕಡಲೆಹಿಟ್ಟಿನ ಜತೆ ಮೋಠ್ ಎಂಬ ಮಡಕೆಕಾಳಿನ ಹಿಟ್ಟು ಬೀಳುತ್ತದೆ, ಅದಕ್ಕೇ ಆ ಒಣ ಗರಿಗರಿ. ಬಾಣಲೆಯಿಂದ ತೆಗೆದದ್ದನ್ನು ಕಾಗದದ ಪೊಟ್ಟಣದಲ್ಲಿ ಕೊಡುತ್ತಾರೆ. ರೈಲಿಗೆಂದು ಕಟ್ಟಿಸಿಕೊಂಡ ಅರ್ಧ ಕಿಲೋ ನಮ್ಮಲ್ಲಿ ಮೇಡ್ತಾ ರೋಡ್ ಬರುವಷ್ಟರಲ್ಲಿ ಖಾಲಿ. ಒಂದು ಕಿಲೋ ಕಟ್ಟಿಸಿ.